ದೂರವಿಟ್ಟ ಕೊಡಪಾನ

“ಹ್ವಾಯ್ ಅಮ್ಮ, ಕೊಡಪಾನ ಮುಟ್ಬೇಡಿ!” ಕೋಟೇಶ್ವರದಲ್ಲಿ ಮೀನು ಮಾರುವ ಗುಲಾಬಕ್ಕ ಕೂಗಿದಾಗ ಬೆಚ್ಚಿಬಿದ್ದೆ. ತಗ್ಗು ಮಣೆಯಲ್ಲಿ ಕುಳಿತ ಅವರು ಮೀನಿಗೆ ನೀರು ಚಿಮುಕಿಸಲೆಂದು ಸೊಂಟ ಹಿಡಿದುಕೊಂಡು ಮತ್ತೆ ಮತ್ತೆ ಏಳುವುದನ್ನು ನೋಡಲಾಗದೆ, ಮೂಲೆಯಲ್ಲಿದ್ದ ನೀರಿನ ಕೊಡಪಾನವನ್ನು ಅವರ ಪಕ್ಕಕ್ಕೆ ತರುತ್ತಿದ್ದೆ.

“ಅದ್ ಹತ್ರ ಇದ್ರೆ ನಾ ಏಳುದೇ ಇಲ್ಲ ಮಾರಾಯ್ರೆ. ಹ್ವಾದ್ ವರ್ಷ ಹಾಂಗೇ ಕೂತ್ಕಂಡೇ ಇದ್ದ್, ಸೊಂಟ ಹಿಡ್ದ್, ಮೂರ್ ತಿಂಗ್ಳ್ ಯಾಪಾರವೇ ಇಲ್ಲ. ಈಗ ನೀರಿಗ್ ಏಳುದೇ ನಂಗೆ ಮದ್ದ್,” ಎಂದು ನಕ್ಕರು. ಕೊಡಪಾನವನ್ನು ಮತ್ತೆ ಮೂಲೆಯಲ್ಲೇ ಇಟ್ಟೆ.

ಸೀರೆಗೆ ಕುಚ್ಚು ಕಟ್ಟುವಾಗ ನೂಲು, ಕತ್ತರಿ, ಕುಡಿಯುವ ನೀರು ಎಲ್ಲವನ್ನೂ ಕೈಗೆಟಕುವಂತೆ ಇಟ್ಟುಕೊಂಡು ತಾಸುಗಟ್ಟಲೆ ಕದಲದೆ ಕೂರುವವಳು ನಾನು. ಸಂಜೆಗೆ ಬೆನ್ನುನೋವೆಂದು ಗೊಣಗುವವಳೂ ನಾನೇ. ಈಗ ಕತ್ತರಿ ಅಡುಗೆಮನೆಯಲ್ಲಿದೆ.