ಕೆಂಪು ನೂಲಿನ ಹುಂಜ

ಎಂಟು ಹೇಂಟೆಗಳಿಗೆ ಒಂದು ಹುಂಜ ಸಾಕು. ಇದು ನಮಗೂ ಗೊತ್ತು, ಕೋಳಿಗಳಿಗೂ ಗೊತ್ತು. ಆದರೆ ಕಾವಿಗೆ ಇಡುವಾಗ ಮೊಟ್ಟೆ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಆ ವರ್ಷ ಎರಡು ಕೋಳಿ ಕಾವು ಕೂತು ಎದ್ದು, ಹದ್ದು ತಿಂದು ಬೆಕ್ಕು ತಿಂದು, ಕೊನೆಗೆ ಉಳಿದ ಆರು ಮರಿಗಳೂ ಹುಂಜಗಳೇ.

ಆ ಆರರಲ್ಲಿ ಒಂದು ನಮ್ಮದಲ್ಲ, ದೇವರದು. ನಾನು ತಮಿಳು ಸೀಮೆಯ ಎಡಪ್ಪಾಡಿಯಲ್ಲಿ ಗುಂಡಿ ಮಗ್ಗದಲ್ಲಿ ನೇಯುವವನು. ಎಡಗಣ್ಣಿಗೆ ಪೊರೆ ಬಂದು, ಮಗ್ಗದ ಹಾಸುನೂಲಿನಲ್ಲಿ ಹರಿದ ಎಳೆ ಕಾಣದಂತಾಯಿತು. ಆಪರೇಷನ್ನಿಗೆ ಮುಂಚೆ ನನ್ನ ಹೆಂಡತಿ ಊರಾಚೆಯ ಮುನಿಯಪ್ಪನಿಗೆ ಹರಕೆ ಹೊತ್ತಳು: ಕಣ್ಣು ಸರಿಹೋದರೆ ಊನವಿಲ್ಲದ ಒಂದು ಹುಂಜ. ಕಣ್ಣು ಸರಿಹೋಯಿತು. ನಾನು ಡಾಕ್ಟರನ್ನು ಹೊಗಳಿದೆ, ಅವಳು ಮುನಿಯಪ್ಪನನ್ನು. ಹರಕೆ ಒಪ್ಪಿಸುವವರೆಗೆ ಕಣ್ಣು ಪೂರ್ತಿ ನನ್ನದಲ್ಲ ಎಂಬುದು ಅವಳ ನಂಬಿಕೆ. ನಾನು ಕಣ್ಣುಜ್ಜಿದರೆ ಸಾಕು, ಒಲೆಯ ಮುಂದಿನಿಂದ ತಿರುಗಿ ನೋಡುತ್ತಿದ್ದಳು.

ಮೂರು ತಿಂಗಳಾದಾಗ ಮರಿಗಳಲ್ಲಿ ಚೆನ್ನಾಗಿದ್ದುದನ್ನು ಅವಳೇ ಆರಿಸಿದಳು. ಗುರುತಿಗೆ ಅದರ ಕಾಲಿಗೆ ನಾನು ಕೆಂಪು ನೂಲು ಕಟ್ಟಿದೆ. ಸಂತೆಗೆ ಹೋಗಬೇಕಾದ ಮೂರಕ್ಕೆ ಹಸಿರು. ಉಳಿದೆರಡಕ್ಕೆ ನೂಲೇ ಇಲ್ಲ. ಅವು ಮನೆಯ ಸಾರಿಗೆ. ನಾನು ಹಾಕಿದ ಗಂಟು ತಾನಾಗಿ ಬಿಚ್ಚಿದ್ದು ಈ ನಲವತ್ತು ವರ್ಷದಲ್ಲಿ ಇಲ್ಲ. ಈ ಜಂಬ ನನಗೆ ಇವತ್ತಿಗೂ ಇದೆ. ಬೆಳೆಯುವ ಮರಿಯ ಕಾಲು ದಪ್ಪವಾಗುತ್ತದೆ, ಆದ್ದರಿಂದ ಹದಿನೈದು ದಿನಕ್ಕೊಮ್ಮೆ ನೂಲು ಕತ್ತರಿಸಿ ಸಡಿಲವಾಗಿ ಬೇರೆ ಕಟ್ಟಬೇಕು. ಅದನ್ನೂ ತಪ್ಪದೆ ಮಾಡುತ್ತಿದ್ದೆ.

ಐದನೆಯ ತಿಂಗಳಿಗೆ ಹಿತ್ತಿಲು ಕೆಟ್ಟಿತು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಮುದುಕಿಯ ಹಾಗೆ, ಆರಕ್ಕೂ ತಾವು ಕೂಗಿದ್ದರಿಂದಲೇ ಸೂರ್ಯ ಎದ್ದ ಎಂಬ ಗರ್ವ. ಕೂಗಾದರೂ ನೆಟ್ಟಗಿತ್ತೇ? ಎಣ್ಣೆ ಕಾಣದ ರಾಟೆ. ನಾಲ್ಕು ಸೇರಿಕೊಂಡು ಒಂದೇ ಹೇಂಟೆಯನ್ನು ಅಟ್ಟುತ್ತಿದ್ದವು. ಹೇಂಟೆಗಳಲ್ಲಿದ್ದ ಎರಡು ಬಿಳಿ ಫಾರಂ ಕೋಳಿಗಳಿಗೆ ಓಡಲು ಬಾರದು. ಅವುಗಳ ಬೆನ್ನಿನ ಪುಕ್ಕ ಹೋಗಿ ಕೆಂಪು ಚರ್ಮ ಕಂಡಿತು. ಅವು ಬಂದು ನನ್ನ ಮಗ್ಗದ ಗುಂಡಿಗೆ ಇಳಿದು ಕಾಲ ಬಳಿ ಕೂತುಬಿಡುತ್ತಿದ್ದವು. ತುಳಿಯುವ ಮಣೆಯ ಪಕ್ಕದಲ್ಲೇ ಮೊಟ್ಟೆ ಇಟ್ಟವು. ಪುಂಡರನ್ನು ಸರದಿಯ ಮೇಲೆ ಬುಟ್ಟಿಯಡಿ ಕವುಚಿದೆ. ಬೇರೆ ಕಡೆ ಕಾಳು ಹಾಕಿದೆ. ನೂಲಿಲ್ಲದ ಎರಡನ್ನೂ ಬೇಗನೆ ಸಾರಿಗೆ ಕಳಿಸಿದೆ. ಹಸಿರು ನೂಲಿನವುಗಳಲ್ಲಿ ಎರಡು ಸಂತೆಗೆ ಹೋದವು. ಉಳಿದ ಹಸಿರು ಒಂದೇ ನಾಲ್ಕರಷ್ಟು ಹಾರಾಡಿತು.

ಕೆಂಪು ನೂಲಿನದು ಮಾತ್ರ ಬೇರೆ ಜಾತಿ. ಕಾಳು ಕಂಡರೆ ತಾನು ತಿನ್ನದೆ, ಕುಕ್ ಕುಕ್ ಎಂದು ಹೇಂಟೆಗಳನ್ನು ಕರೆದು ಪಕ್ಕಕ್ಕೆ ನಿಲ್ಲುತ್ತಿತ್ತು. ಹಸಿರಿನವನು ಬಿಳಿಕೋಳಿಯ ಮೇಲೆ ಬಿದ್ದರೆ ಓಡಿಬಂದು ನಡುವೆ ನಿಲ್ಲುತ್ತಿತ್ತು, ಕಾದಾಡುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿತ್ತು. ಹಿತ್ತಿಲಲ್ಲಿ ಇರಬೇಕಾದವನು ಇವನು, ಹೋಗಬೇಕಾದವನೂ ಇವನೇ. ನನಗೆ ಅದರ ಮೇಲೆ ಜೀವ ಹತ್ತಿತ್ತು. ಹೆಂಡತಿಗೆ ಹೇಳುವ ಮಾತಲ್ಲ ಅದು. ದೇವರಿಗೆ ಬಿಟ್ಟದ್ದನ್ನು ಬದಲಾಯಿಸು ಎಂದರೆ ನನ್ನನ್ನೇ ಬುಟ್ಟಿಯಡಿ ಕವುಚುತ್ತಿದ್ದಳು.

ಹರಕೆ ಒಪ್ಪಿಸಬೇಕಾದ ಆಡಿ ತಿಂಗಳು, ಅಂದರೆ ಆಷಾಢ, ಹತ್ತಿರ ಬಂತು. ಒಂದು ಬೆಳಿಗ್ಗೆ ಕಾಳು ಹಾಕುವಾಗ ನೋಡಿದೆ: ಆ ಸಲ ಬದಲಾಯಿಸಲು ಮರೆತಿದ್ದ ಕೆಂಪು ನೂಲು ಕಾಲಿನ ಚರ್ಮದೊಳಗೆ ಕೂತಿತ್ತು. ಕತ್ತರಿ ತರಲು ಎದ್ದವನು ಮತ್ತೆ ಕೂತೆ. ಊನ ಬಂದರೆ ದೇವರು ಒಲ್ಲ ಎಂಬುದು ತಲೆಗೆ ಬಂದಿತ್ತು. ನಾಳೆ ಕತ್ತರಿಸಿದರಾಯಿತು ಎಂದುಕೊಂಡೆ. ಹಾಗೆ ನಾಲ್ಕು ದಿನ.

ಐದನೆಯ ದಿನ ಅವಳೇ ಕಂಡಳು.

"ಇಲ್ಲಿ ಬನ್ನಿ, ಉಂಜ ಕುಂಟ್ತಾ ಐತೆ. ನೂಲು ಒಳಕ್ಕೆ ಓಗ್ಬಿಟ್ಟೈತೆ" ಎಂದಳು.

ಅವಳು ಹಿಡಿದುಕೊಂಡಳು, ನಾನು ಕತ್ತರಿಸಿದೆ. ಅರಿಸಿನ ಮೆತ್ತಿದೆವು. ಆದರೂ ಒಂದು ಬೆರಳು ಕಪ್ಪಾಗಿ ಬಿದ್ದುಹೋಯಿತು. ಅದು ಬೀಳುತ್ತದೆ ಎಂದು ನಾನು ಎಣಿಸಿರಲಿಲ್ಲ. ಪೂಜಾರಿ ಬಂದು ಕಾಲು ಎತ್ತಿ ನೋಡಿ, "ಊನಮಾನದು ಸಾಮಿಕ್ಕು ಆಗಾದು", ಊನವಾದದ್ದು ದೇವರಿಗೆ ಆಗದು ಎಂದು ತಮಿಳಿನಲ್ಲಿ ಹೇಳಿ ಹೋದ.

ಹುಂಜ ಉಳಿಯಿತು. ನನ್ನ ಲೆಕ್ಕದಲ್ಲಿ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಊಟ ಬಿಟ್ಟಳು. ಮುನಿಯಪ್ಪ ಹರಕೆಯನ್ನು ಬೇಡವೆಂದ, ಕೊಟ್ಟ ಕಣ್ಣನ್ನು ವಾಪಸು ಕೇಳುತ್ತಾನೆ ಎಂದು ಹೆದರಿದಳು. ದಿನಕ್ಕೆ ಹತ್ತು ಸಲ ನನ್ನ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳುತ್ತಿದ್ದಳು. ಮೂರನೆಯ ದಿನವೂ ಅವಳ ತಟ್ಟೆ ಹಾಗೇ ಇದ್ದುದನ್ನು ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಮಗ್ಗದಿಂದ ಎದ್ದು ಬಂದು ಹೇಳಿಬಿಟ್ಟೆ.

"ದೇವ್ರು ಬ್ಯಾಡ ಅನ್ನಲಿಲ್ಲ ಕಣೆ. ನೂಲು ಬಿಗೀತಾ ಇದ್ದುದ್ದು ನಾನು ನಾಕು ದಿನ ಮುಂಚೇನೇ ನೋಡಿದ್ದೆ. ಬೇಕೂ ಅಂತ ಬಿಟ್ಟೆ."

ಅವಳು ತಟ್ಟೆಯಿಂದ ತಲೆಯೆತ್ತಿ ನನ್ನ ಕಣ್ಣನ್ನೇ ನೋಡಿದಳು. ಕಿರುಚುತ್ತಾಳೆ ಎಂದು ಕಾದೆ.

"ನೂಲು ಒಳಕ್ಕೆ ಓಗಿದ್ದು ಕಾಣ್ತಿತ್ತಾ?"

"ಕಾಣ್ತಿತ್ತು."

"ನಿಂತ್ಕಂಡೇನಾ, ಬಗ್ಗಿ ನೋಡಿದ್ರಾ?"

"ನಿಂತ್ಕಂಡೇ."

"ಎಡಗಣ್ಣಾಗೂ?"

"ಎಡಗಣ್ಣಾಗೂ."

"ಸರಿ. ಅಂಗಾದ್ರೆ ಕಣ್ಣು ಚೆನ್ನಾಗೈತೆ" ಎಂದು ತಟ್ಟೆ ಎಳೆದುಕೊಂಡು ಉಣ್ಣತೊಡಗಿದಳು.

ಮುಂದಿನ ಭಾನುವಾರ ಹಸಿರು ನೂಲಿನ ಪುಂಡನಿಗೆ ಊನವಿಲ್ಲವೆಂದು ಪೂಜಾರಿ ಒಪ್ಪಿದ, ಹರಕೆ ತೀರಿತು. ಬಿಳಿಕೋಳಿಗಳ ಬೆನ್ನಿಗೆ ಪುಕ್ಕ ಬಂತು. ನನ್ನ ಜೊತೆ ಮಾತ್ರ ಅವಳು ಆಡಿ ಮುಗಿಯುವವರೆಗೆ ಮಾತಾಡಲಿಲ್ಲ. ಈಗಲೂ ಕಾಳು ಹಾಕುವಾಗ ಮೊದಲ ಹಿಡಿ ಕುಂಟನಿಗೆ. ಅದು ತಿನ್ನದೆ ಹೇಂಟೆಗಳನ್ನು ಕರೆಯುತ್ತದೆ. ಆಗ ಅವಳು ಒಮ್ಮೆ ಅದರ ಕಾಲನ್ನು ನೋಡುತ್ತಾಳೆ, ಒಮ್ಮೆ ನನ್ನನ್ನು.