ಬೇವಿನ ಬುಡದ ಕುಂಕುಮ

ಬೈಯಪ್ಪನಹಳ್ಳಿಯ ಆ ಬಾಡಿಗೆ ಕೋಣೆಯನ್ನು ಒಪ್ಪಿಕೊಂಡಿದ್ದೇ ಎದುರಿನ ಬೇವಿನ ಮರ ನೋಡಿ. ರಾಯಚೂರಿನ ಬಿಸಿಲಲ್ಲಿ ಬೆಳೆದವಳಿಗೆ ಬಾಗಿಲ ಮುಂದೆ ಬೇವಿದ್ದರೆ ತವರಿನವರೇ ಬಂದು ನಿಂತ ಹಾಗೆ. ಮೊದಲ ಶುಕ್ರವಾರವೇ ಬುಡಕ್ಕೆ ನೀರು ಹಾಕಿ, ಅರಿಸಿನ ಕುಂಕುಮ ಹಚ್ಚಿ, ಒಂದು ಕಲ್ಲಿಟ್ಟು ಕೈಮುಗಿದೆ. ಆಮೇಲೆ ಓಣಿಯ ತಮಿಳು ಹೆಂಗಸರು ಬಂದು ಹಳದಿ ಸೀರೆ ಸುತ್ತಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಮರ ಮೆಲ್ಲಗೆ ತನ್ನ ಬುದ್ಧಿ ತೋರಿಸಿತು. ಎಲೆ ತುಂಬಿ ಮಳೆನೀರಿನ ಪೈಪು ಕಟ್ಟಿಕೊಂಡು ಗೋಡೆ ಒಸರಿತು. ಬೇರು ನುಗ್ಗಿ ನೀರಿನ ಸಂಪು ಬಿರುಕು ಬಿಟ್ಟಿತು. ಬೀದಿದೀಪ ಎಲೆಯೊಳಗೆ ಹೂತುಹೋಯಿತು. ಬಯ್ದುಕೊಂಡೇ ಸಹಿಸಿದೆ. ಸಹಿಸಲಾಗದ್ದು ನಮ್ಮ ತಗಡಿನ ಸೂರಿನ ಮೇಲೆ ಚಾಚಿದ್ದ ದಪ್ಪನೆಯ ಒಣ ಟೊಂಗೆ. ಅದರ ನೇರ ಕೆಳಗೆ ಒಂಬತ್ತು ವರ್ಷದ ಮಗಳ ಮಂಚ. ನಾವಿಬ್ಬರೂ ಇರುವುದೇ ಒಂದು ಕೋಣೆ. ಮಂಚ ಸರಿಸಿದರೆ ಬಾಗಿಲು ತೆರೆಯದು.

ಗಾಳಿ ಬೀಸಿದರೆ ಸಾಕು, ಮಾರತ್ತಹಳ್ಳಿಯ ಆಫೀಸಿನಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಶಾಲೆ ಬಿಟ್ಟು ಬಂದವಳು ಒಬ್ಬಳೇ ಮಲಗಿರುತ್ತಾಳಲ್ಲ! ಫೋನ್ ಮಾಡುತ್ತಿದ್ದೆ. "ಮಂಚದ ಮ್ಯಾಲ ಮಲಗಬ್ಯಾಡವ್ವ, ಟೊಂಗಿ ಬಿದ್ದೀತು." ಸಂಜೆಯೊಳಗೆ ನಾಲ್ಕು ಸಲ ಇದೇ ಮಾತು.

ಪಾಲಿಕೆ ಕಚೇರಿಗೆ ಅರ್ಜಿ ಹಿಡಿದು ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ಒಂದು ಮಧ್ಯಾಹ್ನ ಟೊಂಗೆ ಕಡಿಯುವವರು ಬಂದರು; ಸುದ್ದಿ ತಿಳಿದು ನಾನು ಆಫೀಸಿನಿಂದ ಓಡಿಬಂದೆ. ಹಗ್ಗ ಬಿಚ್ಚಿದವನು ಬುಡ ನೋಡಿ, ಚಪ್ಪಲಿ ಕಳಚಿ ಕೈಮುಗಿದುಬಿಟ್ಟ.

"ಏನಮ್ಮಾ, ಇವತ್ತೇ ಹಚ್ಚಿರೋ ಕುಂಕುಮ! ಪೂಜೆ ನಡೀತಿರೋ ಮರಕ್ಕೆ ನಾವು ಗರಗಸ ಇಡಲ್ಲ. ಪೂಜೆ ನಿಲ್ಸಿ ಹೇಳ್ಕಳ್ಸಿ, ಬರ್ತೀವಿ."

ನಾನು ಪೂಜೆ ಬಿಟ್ಟು ಎಷ್ಟೋ ತಿಂಗಳಾಗಿತ್ತು; ಬುಡದಲ್ಲಿ ದಿನಾ ಕಾಣುವ ಕುಂಕುಮ ಓಣಿಯ ಹೆಂಗಸರದ್ದೇ ಅಂದುಕೊಂಡಿದ್ದೆ. ಹಳದಿ ಸೀರೆ ಸುತ್ತಿದವರನ್ನು ಕೇಳಿದರೆ, "ನಾವು ವರ್ಷಕ್ಕೊಂದ್ಸಲ ಬರೋದು ಅಕ್ಕಾ" ಅಂದರು. ಹಾಗಾದರೆ ದಿನಾ ಹಚ್ಚುವ ಪುಣ್ಯಾತ್ಗಿತ್ತಿ ಯಾರು? ನನ್ನ ಮಗಳ ಜೀವಕ್ಕಿಂತ ಇವಳ ಭಕ್ತಿ ದೊಡ್ಡದೇ?

ಮರುದಿನ ರಜೆ ಹಾಕಿದೆ. ಬೆಳಿಗ್ಗೆ ಎಂದಿನ ಹಾಗೆ ಎಂಟಕ್ಕೆ ಹೊರಬಿದ್ದೆ, ಆದರೆ ಬಸ್ಸಿಗೆ ಹೋಗಲಿಲ್ಲ. ಪಕ್ಕದ ಮನೆಯವರ ಹತ್ತಿರ ಬಕೆಟ್ ಇಸಿದುಕೊಂಡು, ತೆಂಗಿನ ನಾರಿನಿಂದ ಬುಡ ತಿಕ್ಕತೊಡಗಿದೆ. ಸಿಕ್ಕವಳನ್ನು ಅಲ್ಲೇ ಜಾಡಿಸಬೇಕು ಅಂತ ಬೈಗುಳ ಜೋಡಿಸಿಕೊಳ್ಳುತ್ತಿದ್ದೆ.

"ಅಮ್ಮಾ, ಅಳಿಸ್ಬೇಡಾ!"

ಹಿಂದೆ ಮಗಳು. ಯೂನಿಫಾರ್ಮ್ ಹಾಕಿದ್ದಳು, ಕೈಯಲ್ಲಿ ನನ್ನದೇ ಕುಂಕುಮದ ಭರಣಿ.

"ನೀನು ಹೋದ್ಮೇಲೆ ದಿನಾ ನಾನೇ ಹಚ್ತೀನಿ. ಟೊಂಗೆ ನನ್ ಮೇಲೆ ಬೀಳ್ದೇ ಇರ್ಲಿ ಅಂತ."

ಮರಕ್ಕೆ ಕೈಮುಗಿಯುವುದನ್ನು ಕಲಿಸಿದವಳು ನಾನು, ಟೊಂಗೆಯ ಭಯವನ್ನು ಫೋನಿನಲ್ಲಿ ಕಳಿಸಿದವಳೂ ನಾನೇ. ಭರಣಿ ಇಸಿದುಕೊಂಡು ಅವಳ ಕೈಗೂ ಒಂದು ಹಿಡಿ ನಾರು ಕೊಟ್ಟೆ. ಇಬ್ಬರೂ ಕೂತು ತಿಕ್ಕಿದೆವು. ಗಾಳಿ ಎದ್ದಿತ್ತು. ಅವಳು ಒಮ್ಮೆ ಟೊಂಗೆಯನ್ನು ನೋಡುತ್ತಿದ್ದಳು, ಒಮ್ಮೆ ನನ್ನನ್ನು.