ಪ್ಲಾಸ್ಟಿಕ್ ಹಾಳೆ ಇಲ್ಲದ ಗೋಡೆ

ಶೈಲಾ ಅವರೇ, ನಿಮ್ಮ ಮಗಳ ಕೋಣೆಯ ಗೋಡೆಗೆ ಬೂಷ್ಟು ಬಂದದ್ದು ನಿಮ್ಮ ಅಡುಗೆಯಿಂದಲ್ಲ, ನನ್ನಿಂದ. ಅದು ಗೊತ್ತಿದ್ದೂ ನಿಮ್ಮ ಮೇಲೆ ಹೊರಿಸಿದೆ.

ಬ್ಯಾಂಕುಗಳು ಮುಳುಗಿ, ನ್ಯೂಜೆರ್ಸಿಯಲ್ಲಿ ಮನೆ ಕಟ್ಟಿಸುವವರೇ ಇಲ್ಲದ ಚಳಿಗಾಲ ಅದು. ಮೈಸೂರಿನಿಂದ ಬಂದು ಕಂಟ್ರಾಕ್ಟರ್ ಆಗಿದ್ದ ನನ್ನ ಕೈಯಲ್ಲಿ ನಿಮ್ಮದೊಂದೇ ಕೆಲಸ. ಯಾರೋ ಸಾಲ ಕಟ್ಟಲಾಗದೆ ಬಿಟ್ಟುಹೋದ ಮನೆಯನ್ನು ಪ್ಲೇನ್ಸ್‌ಬರೋ ಹತ್ತಿರ ನೀವು ಕೊಂಡಿದ್ದಿರಿ. ಅದರ ಗೋಡೆ ಬಿಚ್ಚಿ ನಾನು ಹೊಸದು ಮಾಡುತ್ತಿದ್ದೆ. ಇಲ್ಲಿಯ ಚಳಿಗೆ ಒಂದು ಕ್ರಮವಿದೆ. ಗೋಡೆಯೊಳಗೆ ಚಳಿ ತಡೆಯುವ ಇನ್ಸುಲೇಷನ್ ತುಂಬಿ, ಬೆಚ್ಚಗಿರುವ ಒಳಬದಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಆಮೇಲೆ ಅದರ ಮೇಲೆ ಡ್ರೈವಾಲ್ ಅನ್ನುವ ಜಿಪ್ಸಮ್ ಹಲಗೆ ಹೊಡೆಯಬೇಕು. ಹಾಳೆ ಇಲ್ಲದಿದ್ದರೆ ಮನೆಯ ಹಬೆ ಗೋಡೆಯೊಳಗೆ ನುಗ್ಗಿ, ಹೊರಬದಿಯ ಥಂಡಿ ಹಲಗೆಗೆ ತಾಗಿ ನೀರಾಗಿ, ಬೂಷ್ಟು ಕಟ್ಟುತ್ತದೆ.

ಆದರೆ ಗೃಹಪ್ರವೇಶದ ಮುಹೂರ್ತ ಎದುರಿಗಿತ್ತು. ಹಾಲು ಉಕ್ಕಿಸುವ ಹೊತ್ತಿಗೆ ಗೋಡೆ ಬಿಚ್ಚಿಕೊಂಡಿರಬಾರದು ಅಂತ ನಿಮ್ಮ ಅತ್ತೆಯ ಹಟ. ಕೊನೆಯ ಕೋಣೆಗೆ ಹಾಳೆ ಸಾಲದೆ ಬಂತು — ತರಲು ಹೋದರೆ ಮುಹೂರ್ತ ತಪ್ಪುತ್ತಿತ್ತು. ಡ್ರೈವಾಲ್‌ನವರು ಕಾಯುತ್ತಾ ನಿಂತಿದ್ದರು. "ಹೊಡೀರಿ" ಅಂದೆ. ಒಳಗಿರುವುದನ್ನು ಯಾರು ನೋಡುತ್ತಾರೆ — ಹಾಗೇ ಅಂದುಕೊಂಡೆ, ನಾಚಿಕೆಯಿಲ್ಲದವನು.

ಮುಂದಿನ ಚಳಿಗಾಲಕ್ಕೆ ಆ ಕೋಣೆಯಲ್ಲಿ ಬೂಷ್ಟು, ಮಗಳಿಗೆ ಉಬ್ಬಸ. ನಿಮ್ಮ ಗಂಡ ನನ್ನನ್ನು ಕರೆಸಿದರು. ಗೋಡೆ ಮುಟ್ಟಿದ ಕೂಡಲೇ ನನಗೆ ಗೊತ್ತಾಯಿತು. ಬಾಯಿಂದ ಬಂದದ್ದೇ ಬೇರೆ.

"ಮೂರು ಹೊತ್ತೂ ಕುಕ್ಕರ್ ಕೂಗಿಸಿದ್ರೆ ಇನ್ನೇನಾಗುತ್ತೆ ಸಾರ್? ಈ ಮನೆಗಳನ್ನ ನಮ್ಮ ಅಡುಗೆಗೆ ಡಿಸೈನ್ ಮಾಡಿಲ್ಲ. ಗರಾಜ್‌ನಲ್ಲಿ ಒಂದು ಸ್ಟವ್ ಹಾಕಿಸ್ಬಿಡಿ."

ಅವರು ನಿಮ್ಮ ಕಡೆ ತಿರುಗಿ, "ನಾನು ಹೇಳಿರ್ಲಿಲ್ವಾ?" ಅಂದರು. ನೀವು ಮಗಳ ಇನ್‌ಹೇಲರ್ ಹಿಡಿದು ನಿಂತಿದ್ದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಸ್ಟವ್ ಕೂರಿಸಿದ್ದೂ ನಾನೇ.

ನಿಮ್ಮ ಗಂಡನ ಮೇಲೂ ನನಗೆ ಸಿಟ್ಟಿದೆ — ಇಂಜಿನಿಯರ್ ಆದವರು ಒಂದು ಪ್ರಶ್ನೆ ಕೇಳಬಾರದಿತ್ತೇ? ಹೆಂಗಸಿನ ಒಲೆಯ ತಪ್ಪು ಅಂದ ಕೂಡಲೇ ಎಲ್ಲರೂ ಒಪ್ಪಿಬಿಟ್ಟರು. ಒಪ್ಪುತ್ತಾರೆಂದು ಗೊತ್ತಿತ್ತು, ಅದಕ್ಕೇ ಹಾಗೆ ಹೇಳಿದೆ. ಥೂ, ನನ್ನ ಮುಖಕ್ಕೆ. ಬೂಷ್ಟಿನ ಮೇಲೆ ಬಣ್ಣ ಬಳಿದು ಹೊರಟೆ. ಉಬ್ಬಸ ಹೋಗಲಿಲ್ಲ, ನಿಮ್ಮ ಅಡುಗೆ ಮಾತ್ರ ಹೊರಗೆ ಹೋಯಿತು.

ಮೊನ್ನೆ ಒಂದು ಮದುವೆಯಲ್ಲಿ ಸಿಕ್ಕಿದಿರಿ, ಇಷ್ಟು ವರ್ಷಗಳ ಮೇಲೆ. "ಈಗ್ಲೂ ಗರಾಜ್‌ನಲ್ಲೇ ಅಡುಗೆ, ರಫೀಕ್ ಭಾಯ್. ವಿಂಟರ್‌ನಲ್ಲಿ ಕೋಟ್ ಹಾಕ್ಕೊಂಡು ಮಾಡ್ತೀನಿ. ಮಗಳಿಗೆ ನನ್ನಿಂದ್ಲೇ ಅಲ್ವಾ ಹಾಗಾಗಿದ್ದು" ಅಂದಿರಿ, ನಗುತ್ತಲೇ. ಆಗಲೂ — ಆಗಲೂ ನಾನು ಬಾಯಿ ಬಿಡಲಿಲ್ಲ.

ಶನಿವಾರ ಬರುತ್ತೇನೆ. ಮಗಳನ್ನೂ ಕರೆಸಿಕೊಳ್ಳಿ, ಗಂಡನೂ ಅತ್ತೆಯೂ ಇರಲಿ. ಎಲ್ಲರ ಎದುರಿಗೆ ಆ ಗೋಡೆ ಒಡೆಯುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ. ಅವಳ ಉಸಿರು ಕಟ್ಟಿಸಿದ್ದು ಅವಳ ಅಮ್ಮ ಅಲ್ಲ, ನಾನು ಅಂತ ಅವಳಿಗೇ ಹೇಳುವುದಕ್ಕೆ. ಆಮೇಲೆ ನೀವು ಬಾಗಿಲು ತೋರಿಸಿದರೆ ಹೋಗುತ್ತೇನೆ.